ನೆರೆಯ ಲೆಕ್ಕಕ್ಕೆ ನೆರೆಹೊರೆಯ ಸಾಕ್ಷಿ

2022ರ ಸೆಪ್ಟೆಂಬರ್ ಮೊದಲ ವಾರ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ನಮ್ಮ ಕಡೆ ಅದನ್ನು ಈಗಲೂ ಮಾರಿಕಣಿವೆ ಎಂದೇ ಕರೆಯುವುದು. 1907ರಲ್ಲಿ ಕಟ್ಟಿ ಮುಗಿಸಿದ ಈ ಜಲಾಶಯ ಹಿಂದೆ ಕೋಡಿ ಬಿದ್ದಿದ್ದು 1933ರಲ್ಲಿ. ನಡುವೆ 89 ವರ್ಷ. ಸುತ್ತಲಿನ ಊರುಗಳ ಜನ ಬೈಕು, ಟ್ರ್ಯಾಕ್ಟರು, ಟೆಂಪೋ ಹತ್ತಿಕೊಂಡು ನೋಡಲು ಬಂದರು. ನಾನೂ ಅಜ್ಜಿಯನ್ನು ಕರೆದುಕೊಂಡು ಹೋಗಿದ್ದೆ. ಅಜ್ಜಿ ಬಹಳ ಹೊತ್ತು ಸುಮ್ಮನೆ ನೀರನ್ನೇ ನೋಡುತ್ತಿದ್ದವರು, "ನಮ್ಮವ್ವ ಹೇಳೋಳು ಕಣೇ, ಕೋಡಿ ಬಿದ್ದಿದ್ದ ಕಂಡಿದ್ದೆ ಅಂತ. ನಾನು ನಂಬಿರಲಿಲ್ಲ" ಎಂದರು.

ಅದೇ ವೇದಾವತಿಯಿಂದ ಪಶ್ಚಿಮಕ್ಕೆ ಒಂದಿಷ್ಟು ಗಂಟೆಗಳ ಬಸ್ ಪ್ರಯಾಣ ಮಾಡಿದರೆ ಶಿವಮೊಗ್ಗದ ತುಂಗೆ. ಅಲ್ಲಿ ಕೋರ್ಪಲಯ್ಯನ ಛತ್ರದ ಬಳಿ ನದಿಯೊಳಗೊಂದು ಕಲ್ಲಿನ ಮಂಟಪವಿದೆ. ಮಳೆಗಾಲ ಬಂತೆಂದರೆ ಜನ ಸೇತುವೆಯ ಮೇಲೆ ನಿಂತು ಮಂಟಪ ಎಷ್ಟು ಮುಳುಗಿದೆ ಎಂದು ನೋಡುತ್ತಾರೆ. ಪೂರ್ತಿ ಮುಳುಗಿದರೆ ಈ ವರ್ಷ ಮಳೆ ಚೆನ್ನಾಗಿದೆ ಎಂದರ್ಥ. ಆ ಸುದ್ದಿ ಮರುದಿನ ಪತ್ರಿಕೆಯಲ್ಲೂ ಬರುತ್ತದೆ. ತುಂಗೆಯ ದಡದವರಿಗೆ ನೆರೆ ವರ್ಷವರ್ಷ ಬಂದುಹೋಗುವ ಪರಿಚಯದ ನೆಂಟ. ವೇದಾವತಿಯ ದಡದವರಿಗೆ ಅದು ಅವ್ವ ಹೇಳಿದ, ಮಗಳು ನಂಬದ ಕಥೆ.

ಈ ಎರಡು ನೀರುಗಳ ನಡುವಿನ ವ್ಯತ್ಯಾಸವೇ ನನ್ನ ಪಿಎಚ್.ಡಿ. ವಿಷಯ. ಎಂಜಿನಿಯರಿಂಗ್ ಭಾಷೆಯಲ್ಲಿ ಅದನ್ನು 'ಪ್ರಾದೇಶಿಕ ಪ್ರವಾಹ ಆವರ್ತನ ಅಂದಾಜು' ಎನ್ನುತ್ತಾರೆ. ಹೆಸರು ಭಾರವಾಗಿದ್ದರೂ ಪ್ರಶ್ನೆ ಸರಳ. ಒಂದು ಹಳ್ಳಕ್ಕೆ ಸೇತುವೆ ಕಟ್ಟಬೇಕು. ಆ ಹಳ್ಳದ ನೀರನ್ನು ಯಾರೂ ಎಂದೂ ಅಳೆದಿಲ್ಲ. ನೂರು ವರ್ಷಕ್ಕೊಮ್ಮೆ ಬರಬಹುದಾದ ನೆರೆ ಅಲ್ಲಿ ಎಷ್ಟಿರುತ್ತದೆ? ಕಡಿಮೆ ಹೇಳಿದರೆ ಸೇತುವೆ ಕೊಚ್ಚಿಹೋಗುತ್ತದೆ, ಜೊತೆಗೆ ಜನರೂ ಹೋಗಬಹುದು. ಹೆಚ್ಚು ಹೇಳಿದರೆ ಒಂದು ಸೇತುವೆಯ ದುಡ್ಡಿನಲ್ಲಿ ಆಗಬಹುದಾಗಿದ್ದ ಇನ್ನೊಂದು ಸೇತುವೆ ಆಗದೇ ಉಳಿಯುತ್ತದೆ.

'ನೂರು ವರ್ಷದ ನೆರೆ' ಎಂಬ ಮಾತನ್ನು ಮೊದಲು ಬಿಡಿಸಿಕೊಳ್ಳಬೇಕು. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಇದರ ಅರ್ಥವಲ್ಲ. ಪ್ರತಿ ವರ್ಷವೂ ಅಷ್ಟು ದೊಡ್ಡ ನೆರೆ ಬರುವ ಸಾಧ್ಯತೆ ನೂರಕ್ಕೆ ಒಂದು ಎಂದಷ್ಟೇ ಅರ್ಥ. ಹಾಗೆ ನೋಡಿದರೆ ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳುವ ಕುಟುಂಬ ಅಂಥ ನೆರೆಯನ್ನು ಕಾಣುವ ಸಾಧ್ಯತೆ ಸುಮಾರು ಶೇಕಡ 26. ಕಾಲು ಭಾಗಕ್ಕಿಂತ ಹೆಚ್ಚು. ಆದರೆ ಈ ಲೆಕ್ಕ ಹಾಕಲು ಆ ನದಿಯ ದೀರ್ಘ ದಾಖಲೆ ಬೇಕು. ನಮ್ಮ ಬಹುಪಾಲು ಹಳ್ಳಗಳಿಗೆ ದಾಖಲೆಯೇ ಇಲ್ಲ. ಆಗ ಬೇರೆ ನದಿಗಳ ಸಾಕ್ಷಿ ಕೇಳಬೇಕಾಗುತ್ತದೆ. ಕನ್ನಡದಲ್ಲಿ ನೆರೆ ಎಂದರೆ ಪ್ರವಾಹವೂ ಹೌದು, ಪಕ್ಕದ ಮನೆಯೂ ಹೌದು. ನೆರೆಯನ್ನು ಅಳೆಯಲು ನೆರೆಹೊರೆಯನ್ನು ಕೇಳುವ ಈ ಶಾಸ್ತ್ರದ ಇತಿಹಾಸವೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಒಂದು ಹಳ್ಳಕ್ಕೆ ನಿಜವಾದ ನೆರೆಹೊರೆ ಯಾರು?

ಭಾರತದಲ್ಲಿ ಈ ಕಥೆ ಒಂದು ಅಕ್ಷರದಿಂದ ಶುರುವಾಗುತ್ತದೆ. 1865ರಲ್ಲಿ ಕರ್ನಲ್ ಡಿಕನ್ಸ್ ಎಂಬ ಬ್ರಿಟಿಷ್ ಎಂಜಿನಿಯರ್ ಗಂಗಾ ಬಯಲಿನ ಕಡೆಯ ಅನುಭವದಿಂದ ಒಂದು ಸೂತ್ರ ಕೊಟ್ಟ. ಹೊಳೆಗೆ ನೀರು ಹರಿದುಬರುವ ಪ್ರದೇಶದ, ಅಂದರೆ ಜಲಾನಯನದ, ವಿಸ್ತೀರ್ಣವನ್ನು ಮುಕ್ಕಾಲು ಘಾತಕ್ಕೆ ಏರಿಸಿ ಅದನ್ನು 'ಸಿ' ಎಂಬ ಒಂದು ಸಂಖ್ಯೆಯಿಂದ ಗುಣಿಸಿದರೆ ಗರಿಷ್ಠ ಪ್ರವಾಹ ಸಿಗುತ್ತದೆ. ಚದರ ಮೈಲಿ ಮತ್ತು ಕ್ಯೂಸೆಕ್ ಲೆಕ್ಕದಲ್ಲಿ ಅವನ 'ಸಿ' 825. ಮುಕ್ಕಾಲು ಘಾತ ಏಕೆಂದರೆ, ದೊಡ್ಡ ಜಲಾನಯನದ ಮೇಲೆಲ್ಲ ಒಂದೇ ಹೊತ್ತಿನಲ್ಲಿ ಒಂದೇ ಜೋರಿನ ಮಳೆ ಬೀಳುವುದಿಲ್ಲ. ವಿಸ್ತೀರ್ಣ ಎರಡು ಪಟ್ಟಾದರೆ ನೆರೆ ಎರಡು ಪಟ್ಟಾಗದೆ ಸುಮಾರು 1.7 ಪಟ್ಟಾಗುತ್ತದೆ.

ಸೂತ್ರ ಚಿಕ್ಕದು, ಬಳಸಲು ಸುಲಭ. ರೈಲು ಹಳಿ ಹಾಕುತ್ತಿದ್ದ, ಕಾಲುವೆ ತೋಡುತ್ತಿದ್ದ ಕಾಲಕ್ಕೆ ಅದು ಬೇಕೂ ಆಗಿತ್ತು. ಆದರೆ ದಕ್ಷಿಣಕ್ಕೆ ಬಂದಾಗ ಸರಿಹೊಂದಲಿಲ್ಲ. 1884ರಲ್ಲಿ ರೈವ್ಸ್ ಎಂಬುವವನು ಮದ್ರಾಸ್ ಪ್ರಾಂತ್ಯಕ್ಕೆ ಬೇರೆ ಸೂತ್ರ ಮಾಡಿದ. ಘಾತ ಮೂರನೇ ಎರಡು. ಅದಕ್ಕೆ ಬಳಸುವ 'ಸಿ'ಯ ಬೆಲೆಗಳನ್ನು ಇಂದಿನ ಪಠ್ಯಪುಸ್ತಕದಲ್ಲಿ ನೋಡಿದರೆ ಕುತೂಹಲ ಹುಟ್ಟುತ್ತದೆ. ಪೂರ್ವ ಕರಾವಳಿಯಿಂದ 80 ಕಿಲೋಮೀಟರ್ ಒಳಗಿದ್ದರೆ 6.8, 80ರಿಂದ 160ರವರೆಗೆ 8.5, ಬೆಟ್ಟಗಳ ಹತ್ತಿರದ ಕೆಲವು ಪ್ರದೇಶಗಳಿಗೆ 10.2. ಸಮುದ್ರದಿಂದ ಎಷ್ಟು ದೂರ, ಬೆಟ್ಟಕ್ಕೆ ಎಷ್ಟು ಹತ್ತಿರ ಎಂಬುದು ಸದ್ದಿಲ್ಲದೆ ಲೆಕ್ಕದೊಳಗೆ ಬಂದಿದೆ. ಹವಾಮಾನ ಮತ್ತು ನೆಲ ಎರಡೂ 'ಸಿ' ಎಂಬ ಒಂದೇ ಗೂಡಿನಲ್ಲಿ ಕುಳಿತಿವೆ.

ಪಶ್ಚಿಮ ಘಟ್ಟದಲ್ಲಿ ಇದೂ ಸಾಲಲಿಲ್ಲ. 1930ರಲ್ಲಿ ಮುಂಬಯಿ ಪ್ರಾಂತ್ಯದ ಎಂಜಿನಿಯರ್ ಕ್ಲಾಡ್ ಇಂಗ್ಲಿಸ್, ಘಟ್ಟದ ಬೀಸಣಿಗೆ ಆಕಾರದ ಜಲಾನಯನಗಳ ಅಳತೆಗಳಿಂದ ಇನ್ನೊಂದು ಸೂತ್ರ ಕೊಟ್ಟರು. ಪುಣೆಯ ಹತ್ತಿರದ ಖಡಕ್‌ವಾಸ್ಲಾ ಸಂಶೋಧನಾ ಕೇಂದ್ರವನ್ನು ಮುಂದೆ ನಡೆಸಿದವರು ಇವರೇ. ಬೀಸಣಿಗೆಯ ಆಕಾರ ಏಕೆ ಮುಖ್ಯ? ಬೀಸಣಿಗೆಯ ಕಡ್ಡಿಗಳೆಲ್ಲ ಹಿಡಿಯಲ್ಲಿ ಕೂಡುವಂತೆ ಅಲ್ಲಿನ ತೊರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದೇ ಕಡೆ ಬಂದು ಸೇರುತ್ತವೆ. ಉದ್ದನೆಯ ಜಲಾನಯನದಲ್ಲಿ ಹಾಗಲ್ಲ. ಅಲ್ಲಿ ಒಂದು ತೊರೆಯ ನೀರು ದಾಟಿಹೋದ ಮೇಲೆ ಇನ್ನೊಂದರ ನೀರು ಬರುತ್ತದೆ. ಅಷ್ಟೇ ಮಳೆ, ಅಷ್ಟೇ ವಿಸ್ತೀರ್ಣ, ಆದರೆ ನೆರೆ ಬೇರೆ.

ಕೈಯಲ್ಲೇ ಲೆಕ್ಕ ಮಾಡಿ ನೋಡಬಹುದು. 100 ಚದರ ಕಿಲೋಮೀಟರಿನ ಒಂದು ಜಲಾನಯನಕ್ಕೆ ರೈವ್ಸ್ ಸೂತ್ರವನ್ನು 8.5ರ ಬೆಲೆಯೊಂದಿಗೆ ಹಾಕಿದರೆ ಸೆಕೆಂಡಿಗೆ ಸುಮಾರು 183 ಘನ ಮೀಟರ್ ಬರುತ್ತದೆ. ಇಂಗ್ಲಿಸ್ ಸೂತ್ರ ಹಾಕಿದರೆ ಸುಮಾರು 1,180. ಆರು ಪಟ್ಟಿಗೂ ಹೆಚ್ಚು! ಎರಡೂ ಸೂತ್ರಗಳು ತಮ್ಮತಮ್ಮ ಸೀಮೆಯಲ್ಲಿ ನಿಂತು ಮಾತಾಡುತ್ತಿವೆ. ತಪ್ಪಾಗುವುದು ಒಂದರ ಮಾತನ್ನು ಇನ್ನೊಂದರ ಸೀಮೆಗೆ ಒಯ್ದಾಗ. ಕರ್ನಾಟಕದಲ್ಲಿ ಈ ಎರಡು ಸೀಮೆಗಳ ನಡುವಿನ ದೂರ ತೀರಾ ಕಡಿಮೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆಗೂ, ಸುಮಾರು 500 ಮಿಲಿಮೀಟರಿಗೆ ಕಾಯುವ ಚಳ್ಳಕೆರೆಗೂ ನೇರ ಗೆರೆ ಎಳೆದರೆ 200 ಕಿಲೋಮೀಟರ್ ಆಗುವುದಿಲ್ಲ.

ಸಂಶೋಧನೆಯ ಮೊದಲ ವರ್ಷ ನಾನು ಮಾಡಿದ ತಪ್ಪೂ ಇಂಥದ್ದೇ. ದಾಖಲೆಗಳು ಜಿಲ್ಲಾವಾರು ಸಿಕ್ಕಿದ್ದರಿಂದ ಹೊಳೆಗಳನ್ನೂ ಜಿಲ್ಲಾವಾರು ಗುಂಪು ಮಾಡಿದ್ದೆ. ಚಿಕ್ಕಮಗಳೂರಿನ ಗುಂಪಿನಲ್ಲಿ ಶೃಂಗೇರಿಯ ಕಡೆಯ ತೊರೆಗಳೂ ಇದ್ದವು, ಕಡೂರಿನ ಕಡೆಯ ಹಳ್ಳಗಳೂ ಇದ್ದವು. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ತೆಂಗು ಮತ್ತು ರಾಗಿ ಹೊಲ. ಗುಂಪಿನ ಸದಸ್ಯರು ಒಂದೇ ಬಗೆಯವರೇ ಎಂದು ಪರೀಕ್ಷಿಸುವ ಗಣಿತವಿದೆ. ನನ್ನ ಗುಂಪು ಅದರಲ್ಲಿ ಸಾರಾಸಗಟಾಗಿ ಸೋತಿತು. ಗೈಡ್ ಕಾಗದ ನೋಡಿ, "ಜಿಲ್ಲೆ ಮಾಡಿದ್ದು ಕಂದಾಯಕ್ಕೆ ಕಣಮ್ಮ, ಮಳೆಗಲ್ಲ" ಎಂದು ನಕ್ಕರು.

ಬಯಲುಸೀಮೆಯ ನೆರೆ ಮಲೆನಾಡಿನ ನೆರೆಯ ಚಿಕ್ಕ ರೂಪವಲ್ಲ, ಅದರ ಹುಟ್ಟೇ ಬೇರೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಸಹಾಯ ಮಾಡಿದ್ದು ಹೈದರಾಬಾದಿನ ಮೂಸಿ ನದಿ. 1908ರ ಸೆಪ್ಟೆಂಬರ್ 28ರಂದು ಕೃಷ್ಣೆಯ ಈ ಉಪನದಿ ನಗರದೊಳಗೆ ನುಗ್ಗಿತು. ಸತ್ತವರು ಸುಮಾರು 15,000 ಎಂದು ಹೇಳುತ್ತಾರೆ. ಅಫ್ಜಲ್‌ಗಂಜ್‌ನ ಆಸ್ಪತ್ರೆಯ ಆವರಣದ ಹುಣಸೆ ಮರವನ್ನೇರಿ ನೂರೈವತ್ತು ಜನ ಜೀವ ಉಳಿಸಿಕೊಂಡರು. ಆ ಮರ ಇಂದಿಗೂ ಇದೆ. ನಿಜಾಮ ಸರ್ಕಾರ ಸಲಹೆಗಾಗಿ ಕರೆದದ್ದು ಆಗಷ್ಟೇ ಮುಂಬಯಿ ಪ್ರಾಂತ್ಯದ ಕೆಲಸ ಬಿಟ್ಟಿದ್ದ ಎಂ. ವಿಶ್ವೇಶ್ವರಯ್ಯನವರನ್ನು. 1909ರ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬರುವ ಮೊದಲು ಅವರು ಮಾಡಿದ ದೊಡ್ಡ ಕೆಲಸ ಇದು.

ವಿಶ್ವೇಶ್ವರಯ್ಯನವರು ನಗರದ ಮೇಲ್ಭಾಗದ ಜಲಾನಯನವನ್ನು ಪರಿಶೀಲಿಸಿದಾಗ ಅಲ್ಲಿ 788 ಕೆರೆಗಳಿದ್ದವು. ಹೆಚ್ಚುಕಡಿಮೆ ಚದರ ಮೈಲಿಗೊಂದು. ಅವುಗಳಲ್ಲಿ 221 ಕೆರೆಗಳು ಆ ಮಳೆಯಲ್ಲಿ ಒಡೆದಿದ್ದವು. ಕೆರೆಗಳ ಸರಪಳಿ ಬಯಲುಸೀಮೆಯ ಜೀವ. ಹಳೆಯ ಮೈಸೂರಿನಲ್ಲೂ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು 1860ರ ದಶಕದ ಮುಖ್ಯ ಎಂಜಿನಿಯರ್ ಸ್ಯಾಂಕಿ ಬೆರಗಾಗಿದ್ದರು. ಸಾಮಾನ್ಯ ವರ್ಷಗಳಲ್ಲಿ ಮೇಲಿನ ಕೆರೆ ತುಂಬಿ ಕೋಡಿ ಹರಿದರಷ್ಟೇ ಕೆಳಗಿನ ಕೆರೆಗೆ ನೀರು. ಹಾಗಾಗಿ ಹಳ್ಳ ಒಣಗಿಯೇ ಇರುತ್ತದೆ. ಎರೆಮಣ್ಣಿನ ಬಿರುಕುಗಳು ಒಂದಿಷ್ಟು ನೀರು ಕುಡಿಯುತ್ತವೆ, ಕೆರೆಗಳು ಒಂದಿಷ್ಟು ಹಿಡಿಯುತ್ತವೆ. ಆದರೆ ಯಾವುದೋ ಒಂದು ವರ್ಷ ಎರಡು ದಿನ ಬಿಡದೆ ಸುರಿದರೆ ಎರೆ ನೆನೆದು ಉಬ್ಬಿ, ಬಿರುಕು ಮುಚ್ಚಿ, ನೀರನ್ನು ಒಳಗೆ ಬಿಡುವುದಿಲ್ಲ. ಕೆರೆಗಳೆಲ್ಲ ಒಟ್ಟಿಗೆ ಕೋಡಿ ಬೀಳುತ್ತವೆ. ಮೇಲಿನದೊಂದು ಏರಿ ಒಡೆದರೆ ಆ ನೀರು ಕೆಳಗಿನ ಏರಿಯನ್ನು ಒಡೆಯುತ್ತದೆ. ಹತ್ತೊಂಬತ್ತು ವರ್ಷ ನೆರೆಯನ್ನು ತಡೆದ ನೆಲವೇ ಇಪ್ಪತ್ತನೆಯ ವರ್ಷ ನೆರೆಯನ್ನು ಹೆಚ್ಚಿಸುತ್ತದೆ. ವಿಶ್ವೇಶ್ವರಯ್ಯನವರ ಸಲಹೆಯಂತೆ ನಗರದ ಮೇಲೆ ಎರಡು ಜಲಾಶಯಗಳು ಬಂದವು. ಮೂಸಿಗೆ 1920ರಲ್ಲಿ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ 1927ರಲ್ಲಿ ಹಿಮಾಯತ್ ಸಾಗರ. ತುಂಬಿಸಿಡುವುದರ ಜೊತೆಗೆ ನೆರೆಯ ಹೊತ್ತಿಗೆಂದು ಜಾಗ ಖಾಲಿ ಇಡುವ ಯೋಚನೆಯೂ ಅಲ್ಲಿತ್ತು.

ತಾರೀಖನ್ನೂ ಗಮನಿಸಿ. ಸೆಪ್ಟೆಂಬರ್ 28. ಘಟ್ಟದ ಹೊಳೆಗಳ ದೊಡ್ಡ ನೆರೆ ಸಾಮಾನ್ಯವಾಗಿ ಜೂನ್‌ನಿಂದ ಆಗಸ್ಟ್ ಒಳಗೆ. ಅರಬ್ಬಿ ಸಮುದ್ರದ ಗಾಳಿ ಘಟ್ಟಕ್ಕೆ ತಾಗಿ ಮೇಲೇರಿ ಸುರಿಸುವ ಮಳೆ ಅದು. ಒಳನಾಡಿನ ದೊಡ್ಡ ನೆರೆಗಳು ಬಹುಮಟ್ಟಿಗೆ ಅದಾದ ಮೇಲೆ, ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಪಶ್ಚಿಮಕ್ಕೆ ಸರಿದು ದಖನ್ನಿನ ಮೇಲೆ ನಿಂತಾಗ ಬರುತ್ತವೆ. ಮೂಸಿ ಉಕ್ಕಿದ 101 ವರ್ಷಗಳ ನಂತರ, 2009ರ ಅದೇ ಸೆಪ್ಟೆಂಬರ್ ಕೊನೆಯಲ್ಲಿ, ಉತ್ತರ ಕರ್ನಾಟಕದ ಮೇಲೆ ಅಂಥದೇ ಮಳೆ ಬಿತ್ತು. ಅದು ಬರದ ವರ್ಷ, ದೇಶದ ಮುಂಗಾರು ವಾಡಿಕೆಗಿಂತ ಶೇಕಡ 22ರಷ್ಟು ಕಡಿಮೆಯಿತ್ತು. ಮಳೆಗಾಗಿ ಕಾದಿದ್ದ ರಾಯಚೂರು, ವಿಜಯಪುರ, ಬಾಗಲಕೋಟೆ, ಬಳ್ಳಾರಿ ಸೀಮೆಯಲ್ಲಿ ಮಣ್ಣಿನ ಮನೆಗಳು ಕುಸಿದವು. ರಾಜ್ಯದಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು. ಮಂತ್ರಾಲಯ ಮುಳುಗಿತು, ಕರ್ನೂಲು ನಗರ ಮುಳುಗಿತು. ಬರ ಮತ್ತು ನೆರೆ ಒಂದೇ ವರ್ಷ, ಒಂದೇ ನೆಲಕ್ಕೆ.

ಈಗ ಲೆಕ್ಕಕ್ಕೆ ಮರಳೋಣ. 1960ರಲ್ಲಿ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆಯ ಡಾಲ್‌ರಿಂಪಲ್ ಒಂದು ವಿಧಾನವನ್ನು ವಿವರಿಸಿದರು. ಪ್ರತಿ ನದಿಯ ದೊಡ್ಡ ನೆರೆಯನ್ನು ಆ ನದಿಯದೇ ಸರಾಸರಿ ವಾರ್ಷಿಕ ನೆರೆಯಿಂದ ಭಾಗಿಸಿ. ನದಿ ದೊಡ್ಡದೋ ಚಿಕ್ಕದೋ ಎಂಬ ವ್ಯತ್ಯಾಸ ಹೋಗಿ, ನೂರು ವರ್ಷದ ನೆರೆ ಸಾಮಾನ್ಯ ನೆರೆಯ ಎಷ್ಟು ಪಟ್ಟು ಎಂಬ ಅನುಪಾತ ಉಳಿಯುತ್ತದೆ. ಒಂದೇ ಬಗೆಯ ಹತ್ತು ಹೊಳೆಗಳ ಅನುಪಾತಗಳನ್ನು ಕೂಡಿಸಿದರೆ ಅಳತೆಯೇ ಇಲ್ಲದ ಹನ್ನೊಂದನೆಯ ಹಳ್ಳಕ್ಕೂ ಒಂದು ಉತ್ತರ ಹೇಳಬಹುದು. ಕಾಲದಲ್ಲಿ ಸಿಗದ ಸಾಕ್ಷಿಯನ್ನು ಜಾಗದಲ್ಲಿ ಹುಡುಕುವ ಉಪಾಯ ಇದು.

ಒಂದು ಎಚ್ಚರ ಬೇಕು. ಹತ್ತು ಹೊಳೆಗಳ ಮೂವತ್ತು ವರ್ಷ ಸೇರಿದರೆ ಮುನ್ನೂರು ವರ್ಷದ ಅನುಭವ ಆಗುವುದಿಲ್ಲ. 1924ರ ಜುಲೈನಲ್ಲಿ ಕೇರಳದವರು ಇಂದಿಗೂ 'ತೊಂಬತ್ತೊಂಬತ್ತರ ಪ್ರವಾಹ' ಎನ್ನುವ ನೆರೆ ಬಂದಾಗಲೇ ಘಟ್ಟದ ಈಚೆ, ಇನ್ನೂ ಕಟ್ಟುತ್ತಿದ್ದ ಕನ್ನಂಬಾಡಿಯ ಮೇಲೆ ಕಾವೇರಿಯೂ ಉಕ್ಕಿ ಬಂದಿತ್ತು. ಒಂದೇ ಮಳೆಯನ್ನು ಕಂಡ ಇಬ್ಬರು ಸಾಕ್ಷಿಗಳು ಹೇಳುವುದು ಎರಡು ಘಟನೆಗಳನ್ನಲ್ಲ.

ಆ ಅನುಪಾತ ಹೇಳುವ ಸತ್ಯ ಮೊದಲ ನೋಟಕ್ಕೆ ತಲೆಕೆಳಗಾಗಿ ಕಾಣುತ್ತದೆ. ಮಳೆ ಹೆಚ್ಚಿರುವ ಕಡೆ ಅನುಪಾತ ಚಿಕ್ಕದು, ಒಣ ಸೀಮೆಯಲ್ಲಿ ದೊಡ್ಡದು. ಬ್ರಿಟನ್ 1975ರಲ್ಲಿ ಇಡೀ ದೇಶವನ್ನು ಪ್ರದೇಶಗಳಾಗಿ ವಿಂಗಡಿಸಿ ಅಧ್ಯಯನ ಮಾಡಿದಾಗ, ಮಳೆಯ ವಾಯವ್ಯ ಇಂಗ್ಲೆಂಡಿನಲ್ಲಿ ನೂರು ವರ್ಷದ ನೆರೆ ಸರಾಸರಿಯ ಸುಮಾರು ಎರಡು ಪಟ್ಟು ಇತ್ತು. ಒಣಗಿದ ಪೂರ್ವದ ಈಸ್ಟ್ ಆಂಗ್ಲಿಯಾದಲ್ಲಿ ಮೂರು ಪಟ್ಟಿಗೂ ಹೆಚ್ಚು. ನಿಜವಾದ ಬರಡು ನಾಡುಗಳಲ್ಲಿ ಅದು ಇನ್ನೂ ಮೇಲೇರುತ್ತದೆ. ತುಂಗೆಯ ದೊಡ್ಡ ನೆರೆ ಅದರ ಪ್ರತಿವರ್ಷದ ನೆರೆಯ ಅಣ್ಣನಂತಿರುತ್ತದೆ, ಮುಖ ನೋಡಿದರೆ ಗುರುತು ಸಿಗುತ್ತದೆ. ಒಣಹಳ್ಳದ ದೊಡ್ಡ ನೆರೆಗೂ ಅದರ ಪ್ರತಿವರ್ಷದ ನೀರಿಗೂ ಹೋಲಿಕೆಯೇ ಇರುವುದಿಲ್ಲ. ಮಲೆನಾಡಿನವರು ವರ್ಷವರ್ಷ ನೆರೆ ಕಂಡು ಮನೆಯನ್ನು ಎತ್ತರದಲ್ಲಿ ಕಟ್ಟುತ್ತಾರೆ. ಬಯಲುಸೀಮೆಯವರು ಎರಡು ತಲೆಮಾರು ನೀರು ಕಾಣದೆ ಹಳ್ಳದೊಳಗೇ ಸೈಟು ಮಾಡುತ್ತಾರೆ. ಅಪಾಯದ ಪಟ್ಟು ಹೆಚ್ಚಿರುವಲ್ಲೇ ನೆನಪು ಕಡಿಮೆ.

ಭಾರತದಲ್ಲಿ 1959ರ ಖೋಸ್ಲಾ ಸಮಿತಿಯ ವರದಿಯ ನಂತರ ದೇಶವನ್ನು ಏಳು ವಲಯ, 26 ಉಪವಲಯಗಳಾಗಿ ವಿಂಗಡಿಸಲಾಯಿತು. ಕೇಂದ್ರ ಜಲ ಆಯೋಗ, ಹವಾಮಾನ ಇಲಾಖೆ, ರೈಲ್ವೆ ಮತ್ತು ರಸ್ತೆ ಸಾರಿಗೆಯವರು ಸೇರಿ ಒಂದೊಂದಕ್ಕೂ ವರದಿ ತಂದರು. ಮಳೆಯ ನಕ್ಷೆ ಒಂದು ಕಡೆ, ನೆಲದ ಇಳಿಜಾರು ಮತ್ತು ಹೊಳೆಯ ಉದ್ದದ ಲೆಕ್ಕ ಇನ್ನೊಂದು ಕಡೆ. ಡಿಕನ್ಸನ 'ಸಿ'ಯೊಳಗೆ ಒಟ್ಟಿಗೆ ತುಂಬಿಟ್ಟಿದ್ದನ್ನು ಇಲ್ಲಿ ಬೇರೆಬೇರೆಯಾಗಿ ಹೊರಗೆ ತೆಗೆದಿಟ್ಟರು. ಕರ್ನಾಟಕದ ಕರಾವಳಿ ಐದನೆಯ ವಲಯದಲ್ಲಿ ಬಿತ್ತು, ಕೃಷ್ಣಾ–ಪೆನ್ನಾರ್ ಮತ್ತು ಕಾವೇರಿ ಉಪವಲಯಗಳು ಮೂರನೆಯದರಲ್ಲಿ. ದೊಡ್ಡ ಹೆಜ್ಜೆ ಅದು. ಇಂದಿಗೂ ಎಷ್ಟೋ ಸೇತುವೆ, ಮೋರಿಗಳು ಆ ವರದಿಗಳ ಮೇಲೆ ನಿಂತಿವೆ. ಆದರೆ ನಕ್ಷೆಯ ಮೇಲೆ ಎಳೆದ ಗೆರೆ ಗೆರೆಯೇ. ಅದರ ಈಚೆ ಆಚೆ ಕಾಲಿಟ್ಟರೆ ಮಳೆ ಥಟ್ಟನೆ ಬದಲಾಗುವುದಿಲ್ಲ. ಗೆರೆಯ ಒಳಗೂ ಎಲ್ಲ ಹಳ್ಳಗಳು ಒಂದೇ ಅಲ್ಲ. ಬ್ರಿಟನ್ 1999ರಲ್ಲಿ ಗೆರೆಗಳನ್ನೇ ಬಿಟ್ಟಿತು. ಎಲ್ಲೇ ಇರಲಿ, ವಿಸ್ತೀರ್ಣ, ಮಳೆ, ಮಣ್ಣು ಹೋಲುವ ಜಲಾನಯನಗಳನ್ನು ಹುಡುಕಿ ಪ್ರತಿ ಹೊಳೆಗೂ ಅದರದೇ ಗುಂಪು ಕಟ್ಟುವ ಪದ್ಧತಿ ಬಂತು. ಪಕ್ಕದ ಮನೆಯವರಿಗಿಂತ ದೂರದ ರಕ್ತಸಂಬಂಧಿಯ ಸಾಕ್ಷಿಗೆ ಬೆಲೆ ಹೆಚ್ಚಾಯಿತು. ನಾನೀಗ ಮಾಡುತ್ತಿರುವುದೂ ಅದನ್ನೇ. ಕಡೂರಿನ ಹಳ್ಳಕ್ಕೆ ಶೃಂಗೇರಿಯನ್ನು ಬಿಟ್ಟು ಕಲ್ಯಾಣದುರ್ಗದ ಕಡೆ, ರಾಯಚೂರಿನ ಕಡೆ ನೆಂಟರನ್ನು ಹುಡುಕುತ್ತಿದ್ದೇನೆ.

ತೊಡಕು ಅಲ್ಲಿಗೇ ಮುಗಿಯುವುದಿಲ್ಲ. ಸಾಕ್ಷಿ ಹೇಳುವ ಕಾಲದ ನೆಲ ಈಗಿಲ್ಲ. ಕೆರೆಗಳು ಹೂಳು ತುಂಬಿವೆ, ಹಲವು ಬಡಾವಣೆಗಳಾಗಿವೆ, ರಾಜಕಾಲುವೆಗಳು ಕಿರಿದಾಗಿವೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹೀಗಿರುವಾಗ ನಿನ್ನೆಯ ನೂರು ವರ್ಷದ ನೆರೆ ನಾಳೆಯೂ ನೂರು ವರ್ಷದ್ದೇ ಎಂದು ನಂಬಿ ಕೂರುವಂತಿಲ್ಲ. ಹಾಗೆಂದು ಹಳೆಯ ದಾಖಲೆ ಬೇಡವಾಗುವುದಿಲ್ಲ. ಏನು ಬದಲಾಗಿದೆ ಎಂದು ತಿಳಿಯಲು ಮೊದಲು ಏನಿತ್ತು ಎಂದು ತಿಳಿದಿರಬೇಕು. ಹಳೆಯ ಸೇತುವೆಯ ಕಂಬದ ಮೇಲಿನ ಗುರುತು, ದೇವಸ್ಥಾನದ ಮೆಟ್ಟಿಲಿನ ಮೇಲೆ ಊರವರು ತೋರಿಸುವ ನೀರಿನ ಮಟ್ಟ, ಇವುಗಳನ್ನೂ ಲೆಕ್ಕದೊಳಗೆ ಸೇರಿಸುವ ಗಣಿತ ಈಗ ಇದೆ.

ಕಳೆದ ಬೇಸಿಗೆಯಲ್ಲಿ ಅಂಥ ಗುರುತು ಹುಡುಕುತ್ತಾ ವೇದಾವತಿಗೆ ಸೇರುವ ಒಂದು ಹಳ್ಳದ ದಂಡೆಗೆ ಹೋಗಿದ್ದೆ. ಹಳ್ಳದಲ್ಲಿ ಜಾಲಿ ಬೆಳೆದಿತ್ತು, ನಡುವೆ ನಾಲ್ಕು ಹೊಸ ಮನೆಗಳ ಪಾಯ ಎದ್ದಿತ್ತು. ಕುರಿ ಮೇಯಿಸುತ್ತಿದ್ದ ಅಜ್ಜನನ್ನು ಕೇಳಿದೆ. "ಇದಕ್ಕೆಲ್ಲಿ ನೀರು ಬತ್ತದೆ ತಾಯಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು, ದಂಡೆಯ ಮೇಲಿನ ಒಂದು ಕಲ್ಲುಕಂಬವನ್ನು ಕೋಲಿನಿಂದ ತೋರಿಸಿ, "ನಮ್ಮಪ್ಪ ಹೇಳೋನು, ಅಲ್ಲೀಗಂಟ ಬಂದಿತ್ತಂತೆ ಒಂದ್ಸಲ" ಎಂದರು. ನಾನು ಟೇಪು ಹಿಡಿದು ಕಂಬದಿಂದ ಪಾಯದವರೆಗಿನ ಎತ್ತರ ಅಳೆದೆ. ಕಂಬ ಹೊಸ ಮನೆಗಳ ಕಿಟಕಿ ಬರಬೇಕಾದ ಮಟ್ಟಕ್ಕಿಂತ ಮೇಲಿತ್ತು. ಅಳತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಇನ್ನೊಂದು ಹಾಳೆಯಲ್ಲಿ ಅದನ್ನೇ ಕನ್ನಡದಲ್ಲಿ ಬರೆದು, ಪಾಯ ತೋಡುತ್ತಿದ್ದವರ ಕೈಗೆ ಕೊಟ್ಟು ಬಂದೆ.